ಭರತಿಗೆ ಬಂದವರು, ಆಟಕ್ಕೆ ಉಳಿದವರು

ದೂರದವರಿಗೆ ಬೆಳಗಾವಿ ಹತ್ತಿರದ ಸಾಂಬ್ರಾ ಎಂದರೆ ವಿಮಾನ ನಿಲ್ದಾಣ. ಸುತ್ತಲಿನ ಹಳ್ಳಿಯ ಹುಡುಗರಿಗೆ ವಾಯುಪಡೆಯ ತರಬೇತಿ ಶಾಲೆ. ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿ ದಳದ ಕೇಂದ್ರವೂ ಇರುವುದರಿಂದ ‘ಭರತಿ’, ಅಂದರೆ ಸೇನೆಯ ನೇಮಕಾತಿ, ಇಲ್ಲಿ ಮನೆಮಾತು. ಡಿಗ್ರಿ ಹುಡುಗ ಕಬಡ್ಡಿ ಸಂಘಕ್ಕೋ ಕುಸ್ತಿ ತಾಲೀಮಿಗೋ ಹೆಸರು ಹಚ್ಚುವುದು ಬಹಳ ಸಲ ಇದೇ ಲೆಕ್ಕದಲ್ಲಿ. ಅಗ್ನಿವೀರ್ ವಾಯುಗೆ 1.6 ಕಿ.ಮೀ. ಓಟವನ್ನು ಹುಡುಗರು 7 ನಿಮಿಷ, ಹುಡುಗಿಯರು 8 ನಿಮಿಷದೊಳಗೆ ಮುಗಿಸಬೇಕು. ಪೊಲೀಸ್ ನೇಮಕಾತಿಯಲ್ಲಿ ಕ್ರೀಡಾ ಕೋಟಾ ಇದೆ. ನೌಕರಿಗಾಗಿ ಆಟಕ್ಕೆ ಬರುವುದಕ್ಕೆ ಮೂಗು ಮುರಿಯುವವರಿಗೆ ಒಂದೂವರೆ ಎಕರೆ ಹೊಲದ ಮನೆಯ ಚಿಂತೆ ತಿಳಿದಿಲ್ಲ.

1971ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಡೆಸಿ ಕಾಲೇಜು ವಿದ್ಯಾರ್ಥಿಗಳ ಮೇಲೆ ನಡೆಸಿದ ಪ್ರಯೋಗವೊಂದನ್ನು ಪ್ರಕಟಿಸಿದರು. ಒಗಟು ಬಿಡಿಸಿದ್ದಕ್ಕೆ ಒಂದು ಗುಂಪಿಗೆ ಹಣ ಕೊಟ್ಟು ಆಮೇಲೆ ನಿಲ್ಲಿಸಿದರೆ, ಬಿಡುವಿನಲ್ಲಿ ಅವರಿಗೆ ಒಗಟಿನ ಮೇಲಿನ ಆಸಕ್ತಿಯೇ ತಗ್ಗಿತ್ತು. ಆ ಲೆಕ್ಕದಲ್ಲಿ, ನೌಕರಿಯ ಆಸೆಗೆ ಆಟಕ್ಕೆ ಬಂದು ಭರತಿ ಕೈತಪ್ಪಿದವನು ಮೈದಾನವನ್ನೂ ಬಿಡಬೇಕು. ಎಷ್ಟೋ ಜನ ಬಿಡುತ್ತಾರೆ, ನಿಜ.

ಉಳಿಯುವವರನ್ನು ಹಿಡಿದಿಡುವುದು ಆಟದ ಕಟ್ಟುಪಾಡೇ. ಏಳೇಳು ಜನ ಸೇರದೆ ಕಬಡ್ಡಿಯ ಪೂರ್ತಿ ಅಭ್ಯಾಸ ನಡೆಯದು. ಜೋಡಿ ಬಾರದಿದ್ದರೆ ಪೈಲ್ವಾನನ ಸಂಜೆ ಹಾಳು. ಆಟ ಕಲಿಸುವ ವಸ್ತಾದರು ಹಾಜರಿ ಕರೆಯಬೇಕಿಲ್ಲ, ತಪ್ಪಿಸಿದವನ ಮನೆಗೆ ಗೆಳೆಯನೇ ಬರುತ್ತಾನೆ. ಅಷ್ಟರಲ್ಲಿ ಕಾರ್ನರಿನಲ್ಲಿ ನಿಂತು ರೈಡರನ ಕಾಲು ಹಿಡಿಯುವುದು ಕೈವಶವಾಗಿರುತ್ತದೆ. ಒಮ್ಮೆ ಆ ಪಟ್ಟು ಕೂತರೆ ನೌಕರಿಯ ಮಾತು ಹಿಂದಕ್ಕೆ ಸರಿಯುತ್ತದೆ. 

ಕಾಲೇಜು ತಂಡ ಹಾಗಲ್ಲ. ವಲಯ ಪಂದ್ಯಗಳ ಹೊತ್ತಿಗೆ ಕೂಡಿ, ಮುಗಿದೊಡನೆ ಚದುರುತ್ತದೆ. ಸಂಘದಲ್ಲಿ ಪಿಯು ಹುಡುಗನೂ ಮಕ್ಕಳಿರುವ ರೈತನೂ ಒಂದೇ ಕಡೆ ಆಡಬಹುದು.

ಹುಡುಗಿಯರಿಗೆ ಉಳಿಯುವುದೇ ಕಷ್ಟ. ಬೆಳಗಾವಿ ಬಳಿಯ ತುರಮುರಿಯ ಮಲಪ್ರಭಾ ಜಾಧವ್ 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ, ಊರಿನ ಹೆಚ್ಚಿನವರು ಹೆಸರೇ ಕೇಳಿರದ ಕುಸ್ತಿ ಬಗೆಯಾದ ಕುರಾಶ್‌ನಲ್ಲಿ ಕಂಚು ಗೆದ್ದು ಬಂದಾಗ ಹೊಗಳಿದವರು ಬಹಳ. ಹೊಗಳಿಕೆಯಿಂದ ದಿನದ ಅಭ್ಯಾಸದ ದಾರಿ ಸುಲಭವಾಗದು. ಖಾನಾಪುರದ ಕಡೆಯಿಂದ ನಗರದ ಕಾಲೇಜಿಗೆ ಬರುವ ಹುಡುಗಿಗೆ 2023ರ ಜೂನ್‌ನಿಂದ ‘ಶಕ್ತಿ’ ಉಚಿತ ಬಸ್ ಯೋಜನೆಯ ದೆಸೆಯಿಂದ ಟಿಕೆಟ್ಟಿನ ಚಿಂತೆಯಿಲ್ಲ. ಆದರೆ ಅಭ್ಯಾಸ ಮುಗಿಯುವಾಗ ಕತ್ತಲು. ಬಸ್ಸಿಳಿದ ಮೇಲೆ ಹಳ್ಳಿಯ ದಾರಿ ಬೇರೆ. ಮಳೆಗಾಲದಲ್ಲಂತೂ ಘಟ್ಟದಂಚಿನ ಆ ತಾಲ್ಲೂಕಿನಲ್ಲಿ ಮೈದಾನವೇ ಕೆಸರು. ಸನ್ಮಾನದ ಶಾಲಿಗಿಂತ ಮೊದಲು ಕಾಲೇಜಿನವರು ಅಭ್ಯಾಸವನ್ನು ಬೆಳಗಿನ ಹೊತ್ತಿಗೆ ತಂದು, ಮೊದಲ ಪೀರಿಯಡ್ಡನ್ನು ಅರ್ಧ ಗಂಟೆ ಮುಂದೂಡಲಿ.