ಕನ್ನಡ ವಿಕಿಪೀಡಿಯ ಲೇಖನ ಬರೆದದ್ದು ಯಾರು?

ಕನ್ನಡ ವಿಕಿಪೀಡಿಯದಲ್ಲಿ ಯಾವ ಲೇಖನ ತೆರೆದರೂ ತಲೆಬರಹದ ಕೆಳಗೆ ಬರೆದವರ ಹೆಸರು ಕಾಣಲ್ಲ. ಹಾಗಂತ ಅದು ದಿಕ್ಕಿಲ್ಲದ ಬರಹ ಅಲ್ಲ. ಮೇಲಿರುವ ‘ಇತಿಹಾಸ’ ಒತ್ತಿ ನೋಡಿ. ಯಾರು, ಯಾವತ್ತು, ಎಷ್ಟು ಹೊತ್ತಿಗೆ ಯಾವ ಸಾಲು ಸೇರಿಸಿದರು, ಯಾರು ಅದನ್ನು ಅಳಿಸಿದರು, ಒಂದೇ ಒಂದು ಒತ್ತಕ್ಷರ ತಿದ್ದಿ ಹೋದವರು ಯಾರು, ಎಲ್ಲ ದಾಖಲಾಗಿದೆ.

ಬರೆದವರು ಹಕ್ಕು ಬಿಟ್ಟುಕೊಟ್ಟಿಲ್ಲ, ಬಳಸೋಕೆ ಅನುಮತಿ ಕೊಟ್ಟಿದ್ದಾರೆ. ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಅದು; 2023ರಿಂದ 4.0 ಆವೃತ್ತಿ. ಬರೆದವರಿಗೆ ಮನ್ನಣೆ ಕೊಡಲೇಬೇಕು.

ನೂರು ಜನರ ಹೆಸರೂ ಹಾಕಬೇಕಾ? ಬೇಡ, ಆ ಲೇಖನದ ಕೊಂಡಿ ಸಾಕು. ‘ಕೃಪೆ: ಅಂತರ್ಜಾಲ’ ಅಂತೀವಲ್ಲ, ಅದು ಮಾತ್ರ ಯಾರಿಗೂ ಸಲ್ಲದ ಮನ್ನಣೆ! ಇಂಗ್ಲಿಷ್ ಲೇಖನವನ್ನು ಕನ್ನಡಕ್ಕೆ ತಂದರೂ ಅಷ್ಟೇ: ಉಳಿಸುವಾಗ ಸಂಪಾದನೆಯ ಸಾರಾಂಶದಲ್ಲಿ ಮೂಲ ಲೇಖನದ ಕೊಂಡಿ ಹಾಕಿ.