ಸಾಧನ ಸೋತಾಗ

ಸಂಕೇಶ್ವರ ದಾಟಿ ನಿಪ್ಪಾಣಿಯತ್ತ ಹೋಗುವಾಗ ಸಿಗುವ ಕಣಗಲಾಕ್ಕೆ 1985ರಲ್ಲಿ ಹಿಂದೂಸ್ತಾನ್ ಲೇಟೆಕ್ಸ್ ಕಾರ್ಖಾನೆ ಬಂತು. ಕಬ್ಬು, ತಂಬಾಕಿನ ಸೀಮೆಯಲ್ಲಿ ಕಾಂಡೋಮ್, ಗರ್ಭನಿರೋಧಕ ಗುಳಿಗೆ! ಕುಟುಂಬ ಯೋಜನೆಯ ಸರಕು ಹುಕ್ಕೇರಿ ತಾಲ್ಲೂಕಿನಿಂದ ದೇಶಕ್ಕೆಲ್ಲ ಹೊರಟಿತು. ಅದರ ಬಗ್ಗೆ ನನಗೆ ತಕರಾರಿಲ್ಲ. ತಕರಾರಿರುವುದು ಅದಕ್ಕೂ ಮೊದಲು ದಿಲ್ಲಿಯಲ್ಲಿ ಬರೆದ ಒಂದು ವಾಕ್ಯದ ಬಗ್ಗೆ.

ಕದ್ದುಮುಚ್ಚಿ ನಡೆಯುವ ಗರ್ಭಪಾತಗಳಲ್ಲಿ ಹೆಂಗಸರು ಸಾಯುತ್ತಿದ್ದರು. ಅದನ್ನು ಪರಿಶೀಲಿಸಲು 1964ರಲ್ಲಿ ಶಾಂತಿಲಾಲ್ ಶಾ ಸಮಿತಿ ಕೂತಿತು, 1971ರಲ್ಲಿ ಗರ್ಭಪಾತಕ್ಕೆ ಅನುಮತಿ ಕೊಡುವ ಕಾಯ್ದೆ ಬಂತು. ಅದರೊಳಗೊಂದು ವಿವರಣೆ: ಮಕ್ಕಳ ಸಂಖ್ಯೆ ಮಿತಿಗೊಳಿಸಲು ವಿವಾಹಿತೆಯೋ ಅವಳ ಗಂಡನೋ ಬಳಸಿದ ಸಾಧನ ವಿಫಲವಾಗಿ ಗರ್ಭ ನಿಂತರೆ, ಅದರ ಸಂಕಟವನ್ನು ಅವಳ ಮಾನಸಿಕ ಆರೋಗ್ಯಕ್ಕಾದ ಗಂಭೀರ ಪೆಟ್ಟೆಂದು ಭಾವಿಸಬಹುದು. 2021ರಲ್ಲಿ ಗಂಡನ ಜಾಗಕ್ಕೆ ಸಂಗಾತಿ ಬಂದ. ಸಾಧನ ಅಲ್ಲೇ ಉಳಿಯಿತು. ರಬ್ಬರು ಹರಿದ ತಪ್ಪಿಗೆ ಕೂಸು ದಂಡ ತೆರಬೇಕು.

‘ಅವಳ ದೇಹ, ಅವಳ ಆಯ್ಕೆ’ ಅನ್ನುತ್ತಾರೆ. ದೇಹ ಅವಳದೇ, ಸರಿ. ಒಳಗಿನ ಜೀವದ ರಕ್ತದ ಗುಂಪು ಕೂಡ ಬೇರೆ ಇರಬಹುದಲ್ಲ? ಇನ್ನು ಆಯ್ಕೆ: ನಮ್ಮ ಕಡೆ ಅತ್ತೆಮನೆಯಲ್ಲಿ ಅದರಲ್ಲೆಷ್ಟು ಅವಳ ಪಾಲು? 2022ರ ಜೂನಿನಲ್ಲಿ ಮೂಡಲಗಿಯಲ್ಲಿ ಬಾಟಲಿಗಳಲ್ಲಿ ತುಂಬಿ ಎಸೆದ ಏಳು ಭ್ರೂಣಗಳು ಸಿಕ್ಕವು. ಲಿಂಗಪತ್ತೆಯ ಶಂಕೆಯಿದೆ ಎಂದರು ಅಧಿಕಾರಿಗಳು. ಲಿಂಗಪತ್ತೆ ನಿಷೇಧದ ಕಾಯ್ದೆಗೆ ಆಗಲೇ 28 ವರ್ಷ.

‘ಕಾಯ್ದೆ ಬಿಗಿ ಮಾಡಿದರೆ ಬಡವರು ನಕಲಿ ವೈದ್ಯರ ಕೈಗೆ ಬೀಳುತ್ತಾರೆ’ ಎಂಬುದು ತೂಕದ ಮಾತು. ಆದರೆ ಅದೇ ಬಡವಿಗೆ ಹೆರಿಗೆ, ಬಾಣಂತನ, ದತ್ತಿನ ದಾರಿ ಸುಲಭವಾಗಲಿ ಎಂದು ಅಷ್ಟೇ ಜೋರಾಗಿ ಕೇಳಿದವರು ಎಷ್ಟು ಮಂದಿ?

ಬೆಳಗಾವಿಯ ಸವಿತಾ ಹಾಲಪ್ಪನವರ್ ಹೆಸರು ಬಂದಾಗ ಮಾತ್ರ ನನ್ನ ದನಿ ತಗ್ಗುತ್ತದೆ. ಐರ್ಲೆಂಡಿನ ಗಾಲ್ವೇಯಲ್ಲಿ, 2012ರ ಅಕ್ಟೋಬರ್ 28ರಂದು ಆಕೆ ತೀರಿಕೊಂಡಳು. ಗರ್ಭ ಉಳಿಯದೆಂದು ತಿಳಿದಿದ್ದರೂ ವೈದ್ಯರು ಭ್ರೂಣದ ಎದೆಬಡಿತ ನಿಲ್ಲಲೆಂದು ಕಾದರು. ಅಷ್ಟರಲ್ಲಿ ಸೋಂಕು ರಕ್ತಕ್ಕೇರಿತ್ತು. ತಪ್ಪು ವೈದ್ಯರದು, ಕಾನೂನಿನದಲ್ಲ ಎಂದು ಗರ್ಭಪಾತ ವಿರೋಧಿಸುವ ನಮ್ಮ ಕಡೆಯವರು ವಾದಿಸಿದರು. ತನಿಖೆ ಎರಡರತ್ತಲೂ ಬೆರಳು ತೋರಿತು. 2018ರಲ್ಲಿ ಅಲ್ಲಿನ ಜನ ಹುಟ್ಟದ ಮಗುವಿಗೆ ತಾಯಿಯಷ್ಟೇ ಜೀವದ ಹಕ್ಕು ಕೊಟ್ಟಿದ್ದ ಎಂಟನೇ ತಿದ್ದುಪಡಿಯನ್ನೇ ಮತ ಹಾಕಿ ತೆಗೆದರು.

ನಮ್ಮ 1971ರ ಕಾಯ್ದೆಯ ಐದನೇ ಕಲಂ, ತಾಯಿಯ ಜೀವ ಉಳಿಸುವ ತುರ್ತಿಗೆ ವಾರಗಳ ಮಿತಿಯನ್ನೇ ಇಟ್ಟಿಲ್ಲ. ಆ ಕಲಂ ಇರಲಿ. ಸಾಧನದ ವಿವರಣೆ ಹೋಗಲಿ.