ಮನೆಯ ವೈಫೈಗೆ ಯಾವ ಬೀಗ?

ಲಕ್ಕಲಕಟ್ಟಿಯ ಸ್ವಸಹಾಯ ಸಂಘದ ಸಭೆಗೆ ಹೋದಾಗ ಒಬ್ಬ ತಾಯಿ ನಮಗೆ ಹೇಳಿದರು: "ಹುಡುಗನ ಓದಿಗಂತ ವೈಫೈ ಹಾಕಿಸೇವ್ರಿ ಸಿಸ್ಟರ್. ಪಾಸ್‌ವರ್ಡ್ ಇಟ್ಟಿಲ್ಲ, ಓಣಿ ಹುಡುಗ್ರೂ ಕಟ್ಟಿ ಮ್ಯಾಲ ಕುಂತು ನೋಡ್ತಾವು. ನಮ್ಮನ್ಯಾಗ ಕಳವು ಮಾಡಾಕ ಏನೈತ್ರಿ?"

ಹಂಚಿಕೊಳ್ಳುವ ಗುಣ ಒಳ್ಳೆಯದೇ. ಆದರೆ ಇಲ್ಲಿ ಕಳುವಾಗುವುದು ವಸ್ತುವಲ್ಲ, ಮನೆಯವರ ಹೆಸರು. 2008ರ ಜುಲೈ 26ರಂದು ಅಹಮದಾಬಾದಿನಲ್ಲಿ ಬಾಂಬುಗಳು ಸಿಡಿಯುವ ಸ್ವಲ್ಪ ಮುಂಚೆ ಟಿ.ವಿ. ವಾಹಿನಿಗಳಿಗೆ ಬೆದರಿಕೆಯ ಇಮೇಲ್ ಹೋಗಿತ್ತು. ಪೊಲೀಸರು ಅದರ ಜಾಡು ಹಿಡಿದು ಹೋದದ್ದು ನವಿ ಮುಂಬಯಿಯ ಒಂದು ಮನೆಗೆ. ಭದ್ರತೆ ಇಲ್ಲದ ಆ ಮನೆಯ ವೈಫೈಯನ್ನು ಬೇರೆ ಯಾರೋ ಬಳಸಿದ್ದರು. ವಿಚಾರಣೆ ಎದುರಿಸಿದವರು ಮಾತ್ರ ಮನೆಯವರು.

ಹಾಗಾದರೆ ಯಾವ ಬೀಗ ಹಾಕಬೇಕು? ವೈಫೈ ಪೆಟ್ಟಿಗೆಯ ಸೆಟ್ಟಿಂಗಿನಲ್ಲಿ 'ಸೆಕ್ಯೂರಿಟಿ' ಎಂಬಲ್ಲಿ ನಾಲ್ಕಾರು ಹೆಸರುಗಳು ಕಾಣುತ್ತವೆ. 'ಓಪನ್' ಎಂದರೆ ಬಾಗಿಲೇ ಇಲ್ಲದ ಮನೆ. 'ಡಬ್ಲ್ಯೂಇಪಿ' 1997ರದು, ಅದರ ದೋಷ 2001ರಲ್ಲೇ ಬಯಲಾಯಿತು, ಈಗ ಸಾಮಾನ್ಯ ಲ್ಯಾಪ್‌ಟಾಪಿನಿಂದ ಕೆಲವೇ ನಿಮಿಷದಲ್ಲಿ ಮುರಿಯಬಹುದು. 2003ರ 'ಡಬ್ಲ್ಯೂಪಿಎ' ಮತ್ತು ಅದರ 'ಟಿಕೆಐಪಿ' ತಾತ್ಪೂರ್ತಿಕ ರಿಪೇರಿ ಅಷ್ಟೇ. ಇವನ್ನು ಬಿಟ್ಟುಬಿಡಿ. 'ಎಂಟರ್‌ಪ್ರೈಸ್' ಎಂದಿದ್ದರೆ ಅದು ದೊಡ್ಡ ಕಚೇರಿಗಳಿಗೆ. ಮನೆಗೆ ಬೇಕಾದದ್ದು 2004ರ 'ಡಬ್ಲ್ಯೂಪಿಎ2-ಎಇಎಸ್' ಅಥವಾ 2018ರ 'ಡಬ್ಲ್ಯೂಪಿಎ3'. ಹಳೇ ಮೊಬೈಲಿಗೆ ಮೂರನೆಯದು ಹತ್ತುವುದಿಲ್ಲ. ಅಂಥ ಮನೆಯವರು ಎರಡೂ ಸೇರಿದ 'ಡಬ್ಲ್ಯೂಪಿಎ2/ಡಬ್ಲ್ಯೂಪಿಎ3' ಆರಿಸಿದರೆ ಅಡ್ಡಿಯಿಲ್ಲ.

ಎರಡಕ್ಕೂ ಏನು ವ್ಯತ್ಯಾಸ? ಡಬ್ಲ್ಯೂಪಿಎ2ರಲ್ಲಿ ಮೊಬೈಲೂ ಪೆಟ್ಟಿಗೆಯೂ ಮೊದಲು ಆಡುವ ಗುರುತಿನ ಮಾತನ್ನು ಹೊರಗೆ ನಿಂತವನು ಹಿಡಿದುಕೊಂಡು ಹೋಗಿ, ತನ್ನ ಮನೆಯಲ್ಲಿ ಕೂತು ಲಕ್ಷಗಟ್ಟಲೆ ಪಾಸ್‌ವರ್ಡ್ ತಾಳೆ ನೋಡಬಹುದು. ಡಬ್ಲ್ಯೂಪಿಎ3ರಲ್ಲಿ ಒಂದೊಂದು ಊಹೆಗೂ ಪೆಟ್ಟಿಗೆಯನ್ನೇ ಕೇಳಬೇಕು. ಆದ್ದರಿಂದ ಡಬ್ಲ್ಯೂಪಿಎ2 ಇದ್ದವರಿಗೆ ಪಾಸ್‌ವರ್ಡೇ ಜೀವಾಳ. ಮೊಬೈಲ್ ನಂಬರು, ಮಗನ ಹೆಸರು, ಒಂದರಿಂದ ಎಂಟು ಅಂಕಿ ಇವ್ಯಾವೂ ನಡೆಯವು. ಗಿರಮಿಟ್, ಛತ್ರಿ, ಎತ್ತು, ಶುಕ್ರವಾರ ಹೀಗೆ ಸಂಬಂಧವೇ ಇಲ್ಲದ ನಾಲ್ಕು ಮಾತು ಕೂಡಿಸಿ ಇಂಗ್ಲಿಷ್ ಅಕ್ಷರದಲ್ಲಿ ಬರೆಯಿರಿ. (ಇವನ್ನೇ ಇಡಬೇಡಿ ಮತ್ತೆ!)

2017ರಲ್ಲಿ ಬೆಲ್ಜಿಯಂ ದೇಶದ ಲುವೆನ್ ಕಥೋಲಿಕ ವಿಶ್ವವಿದ್ಯಾಲಯದ ಸಂಶೋಧಕರು ಡಬ್ಲ್ಯೂಪಿಎ2ರಲ್ಲೂ ಒಂದು ದೋಷ ತೋರಿಸಿಕೊಟ್ಟರು. ಅದಕ್ಕೆ ಮದ್ದು ಅಪ್‌ಡೇಟ್. ಮೊಬೈಲ್ ಅಪ್‌ಡೇಟ್ ಕೇಳಿದಾಗ ಮುಂದೂಡಬೇಡಿ.

ಸೆಟ್ಟಿಂಗಿಗೆ ಹೋಗುವ ವಿಳಾಸ ಸಾಮಾನ್ಯವಾಗಿ ಪೆಟ್ಟಿಗೆಯ ತಳದ ಚೀಟಿಯಲ್ಲಿರುತ್ತದೆ. ಅಲ್ಲಿ ಅಚ್ಚಾದ ಅಡ್ಮಿನ್ ಪಾಸ್‌ವರ್ಡನ್ನೂ ಬದಲಿಸಿ, 'ಡಬ್ಲ್ಯೂಪಿಎಸ್' ಎಂಬುದನ್ನು ಬಂದ್ ಮಾಡಿ. ತಂತಿ ಎಳೆಯಲು ಬಂದವರು ಇದನ್ನು ಮಾಡಿಕೊಡದೆ ಹೋಗುವುದೇ ಹೆಚ್ಚು, ನಿಲ್ಲಿಸಿ ಕೇಳಿ.

ಓಣಿಯ ಮಕ್ಕಳಿಗೆ ಓದಲು ಕೊಡಬೇಕೆನ್ನುವ ಆ ತಾಯಿಗೆ ನಾವು 'ಗೆಸ್ಟ್' ಎಂಬ ಬೇರೆ ಹೆಸರಿನ ವೈಫೈ ಮಾಡಿಸಲು ಹೇಳಿದೆವು. ಅದಕ್ಕೂ ಪಾಸ್‌ವರ್ಡ್ ಬೇಕು, ಯಾರಿಗೆ ಕೊಟ್ಟೆವೆಂಬ ನೆನಪೂ ಬೇಕು, ಏಕೆಂದರೆ ಸಂಪರ್ಕ ಇರುವುದು ಅವರ ಹೆಸರಿನಲ್ಲೇ. ಮರೆಯುವ ಭಯವಿದ್ದರೆ ಗೋಡೆಯ ಮೇಲೆ ಬರೆಯಬೇಡಿ; ರೇಷನ್ ಕಾರ್ಡ್ ಇಡುವ ಚೀಲದಲ್ಲಿ ಒಂದು ಚೀಟಿ ಇಟ್ಟರೆ ಸಾಕು.